ಎದುರು ತಂಡದವನು ಎತ್ತಿದ ಕೈ

"ಬಾ ಅಣ್ಣಾ!" ಎಂದು ಕೂಗಿ ನಾನು ಅರ್ಧ ಪಿಚ್ ಓಡಿಬಿಟ್ಟಿದ್ದೆ. ಎದುರು ತುದಿಯಲ್ಲಿದ್ದ ಮುನಿರಾಜಣ್ಣ ಕದಲಲೇ ಇಲ್ಲ. ಚೆಂಡು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರು. ಕೋರಮಂಡಲ್ ಮೈದಾನದಲ್ಲಿ ಅದು ಕೊನೆಯ ಓವರ್. ನಮ್ಮ ಗೆಲುವಿಗೆ ಒಂದೇ ರನ್ ಬಾಕಿ.

ಅಷ್ಟರಲ್ಲಿ ಎದುರಾಳಿ ಬೇತಮಂಗಲ ತಂಡದ ಬೌಲರ್ ಅಣ್ಣನ ಕಣ್ಣೆದುರಿಗೆ ಬಂದು, ಕೈ ಎತ್ತಿ, ಓಡಿ ಎಂದು ಸನ್ನೆ ಮಾಡಿದ. ಅಣ್ಣ ಓಡಿದರು. ನಾವು ಗೆದ್ದೆವು.

"ಏನ್ಲಾ, ನೀನ್ ಯಾರ್ ಕಡೆ ಆಡ್ತಿದ್ದೀಯ?" ಎಂದು ಅವರ ವಿಕೆಟ್‌ಕೀಪರ್ ಬೌಲರ್ ಮೇಲೆ ರೇಗಿದ.

"ಮಿಲ್ಟ್ರೀಲಿ ಬಾಂಬ್ ಸಿಡ್ದು ಅಣ್ಣಂಗೆ ಕಿವಿ ಮಂದ ಆಗೈತೆ. ಕರ್ದಿದ್ದು ಕೇಳ್ದೆ ನಿಂತೋರ್ನ ಔಟ್ ಮಾಡಿ ಗೆಲ್ಬೇಕೇನ್ಲಾ?"

ಮುನಿರಾಜಣ್ಣನ ಜೊತೆ ಆಡುವವರು ಕೂಗುವುದಿಲ್ಲ, ಬ್ಯಾಟ್ ಎತ್ತುತ್ತಾರೆ. ಎಲ್ಲ ತಂಡಗಳಿಗೂ ಗೊತ್ತಿದ್ದ ಈ ರೂಢಿ, ಆ ಭಾನುವಾರವಷ್ಟೇ ಆಡಲು ಬಂದಿದ್ದ ನನಗೆ ಗೊತ್ತಿರಲಿಲ್ಲ.

ಸೈನ್ಯದಿಂದ ಬಂದ ಮೇಲೆ ಅವರು ರಾಬರ್ಟ್‌ಸನ್‌ಪೇಟೆಯ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಮರುದಿನ ಅಲ್ಲಿಗೆ ಹೋದಾಗ ನಾನು ಕರೆಯಲಿಲ್ಲ, ಬಾಗಿಲಲ್ಲೇ ನಿಂತು ಕೈ ಎತ್ತಿದೆ. ಗಾಜಿನಾಚೆ ತಲೆ ಎತ್ತಿದ ಅಣ್ಣ, ರನ್ನಿಗೆ ಹೊರಟವರಂತೆ ಕುರ್ಚಿಯಿಂದ ಅರ್ಧ ಎದ್ದು, ನಕ್ಕುಬಿಟ್ಟರು.