ಸಾಲಿನ ಪಕ್ಕದ ಹೆಸರು

ಹರಿಹರದಿಂದ ದಿನಾ ಬಸ್ಸು ಹಿಡಿದು ದಾವಣಗೆರೆಯ ಸಾಫ್ಟ್‌ವೇರ್ ಆಫೀಸಿಗೆ ಬರುವ ನಯನಾಗೆ ಒಂದು ಹಟವಿತ್ತು. ಅವಳು ಬರೆಯುವ ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಎಲ್ಲವೂ ಪುಟ್ಟ ಪುಟ್ಟ ಫಂಕ್ಷನ್ನು, ಒಂದೊಂದೇ ಕೆಲಸ ಮಾಡುವ ತುಣುಕು. ಒಂದೊಂದರ ಮೇಲೂ ಅದು ಏನು ತಗೊಳ್ಳುತ್ತದೆ, ಏನು ಕೊಡುತ್ತದೆ, ಯಾಕೆ ಹಾಗೆ ಎಂದು ಕಾಮೆಂಟ್ ಬರೆಯದೆ ಅವಳು ಊಟಕ್ಕೆ ಏಳುತ್ತಿರಲಿಲ್ಲ. "ನಾಳೆ ಓದೋರು ನಮ್ಮನ್ನ ಬೈಬಾರ್ದು ನೋಡ್ರಿ" ಅನ್ನುತ್ತಿದ್ದಳು. ಅಕ್ಕಿ ಗಿರಣಿಗಳ ದಾಸ್ತಾನು ನೋಡಿಕೊಳ್ಳುವ ಆಫೀಸಿನ ಪ್ರೋಗ್ರಾಮನ್ನು ಮುಕ್ಕಾಲು ಪಾಲು ಬರೆದವಳು ಅವಳೇ.

ಹೊಸದಾಗಿ ಸೇರಿದ ಬಸವಕಿರಣ್ ಒಂದು ಬೆಳಿಗ್ಗೆ, ಸಾಲುಗಳನ್ನು ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರ್ ಓಡಿಸಿದ. ಅದು ಪ್ರತಿ ಸಾಲನ್ನೂ ಎರಡು ಸ್ಪೇಸ್ ಒಳಕ್ಕೆ ತಳ್ಳಿತು, ಅಷ್ಟೇ. ಆದರೆ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರನ್ನೇ ಕಂಪ್ಯೂಟರ್ ಆ ಸಾಲಿನ ಪಕ್ಕದಲ್ಲಿ ತೋರಿಸುವುದು. ಮಧ್ಯಾಹ್ನದೊಳಗೆ ನಯನಾಳ ಹೆಸರು ಹುಡುಕಿದರೂ ಇರಲಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಕೂತಿತ್ತು.

"ಸರ್, ಆ ಬದಲಾವಣೆ ಬಿಟ್ಟು ಹಳೇ ಹೆಸರು ತೋರಿಸೋ ಹಂಗೆ ಮಾಡಬಹುದ್ರಿ" ಎಂದಳು.

"ಹೆಸರು ಕಟ್ಕೊಂಡು ಏನ್ ಮಾಡ್ತೀಯಮ್ಮ? ಕೋಡು ಚೆಂದ ಕಾಣ್ತೈತಲ್ಲ, ಸಾಕು" ಎಂದರು ಮಾಲೀಕ ಕೊಟ್ರೇಶ್.

ಗಿರಣಿಯವರು ಬಂದ ದಿನ ಕೊಟ್ರೇಶ್ ಅವಳ ಕಾಮೆಂಟುಗಳನ್ನೇ ಓದಿ ಹೇಳಿ, ಪಕ್ಕದ ಹೆಸರು ತೋರಿಸಿ, ಬಸವಕಿರಣ್‌ನ ಬೆನ್ನು ತಟ್ಟಿದರು. ಅವನು ನಕ್ಕು ಕೈಮುಗಿದ.

ಮುಂದಿನ ವಾರ ದಾಸ್ತಾನಿನ ಲೆಕ್ಕ ತಪ್ಪು ಬಂತು. ತಪ್ಪಿದ ಸಾಲಿನ ಪಕ್ಕದಲ್ಲೂ ಬಸವಕಿರಣ್‌ ಹೆಸರೇ ಇತ್ತು. ಕೊಟ್ರೇಶ್ ಅದನ್ನು ಕಣ್ಣಾರೆ ನೋಡಿದರು. ಆಮೇಲೆ ಕುರ್ಚಿ ತಿರುಗಿಸಿ ಕೂಗಿದರು:

"ನಯನಾ, ಬಾರಮ್ಮ ಇಲ್ಲಿ. ಇದನ್ನ ಬರ್ದೋಳು ನೀನೇ ಅಲ್ಲೇನು?"