ಸಂದಿನಿಂದ ಬಂದ ಅಪ್ಪಣೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದವರನ್ನು ಆಡಿಕೊಳ್ಳಲು ಮೈ ಹಗುರಾಗುತ್ತದೆ.

ತಾರಿಹಾಳದಲ್ಲಿ ಒಂದು ಗೋದಾಮು ಏಳುತ್ತಿತ್ತು. ಅಚ್ಚು ಹಾಕಿ ತಂದ ಕಾಂಕ್ರೀಟ್ ಫಲಕಗಳ ಗೋಡೆ. ಎರಡು ಫಲಕಗಳ ನಡುವೆ ಬೆರಳು ಹೋಗುವಷ್ಟು ಸಂದು. ಅದರೊಳಗೆ ಮೊದಲು ಸ್ಪಂಜಿನ ಹಗ್ಗ ತುರುಕಿ, ಮೇಲೆ ಸೀಲಂಟ್ ಎಂಬ ಅಂಟು ಹಿಂಡಬೇಕು. ಹಗ್ಗವಿಲ್ಲದಿದ್ದರೆ ಸೀಲಂಟ್ ಒಳಕ್ಕೆ ಜೋತುಬಿದ್ದು ಸೀಳುತ್ತದೆ. ಮಳೆ, ಗಾಳಿ ಎರಡೂ ಕೇಳದೆ ಒಳಗೆ ಬರುತ್ತವೆ. ಇದನ್ನೆಲ್ಲ ಕಲಿಸಿದವರು ಕಮರಿಪೇಟೆಯ ಕಾಕಾ. ನಾನು ಸರಿಯಾಗಿ ಕಲಿತದ್ದು ಅವರ ಕೆಮ್ಮನ್ನು ಮಾತ್ರ; ಹಾಗೇ ಕೆಮ್ಮಿ ಕೆಲಸದ ಹುಡುಗರನ್ನು ನಗಿಸುತ್ತಿದ್ದೆ. ಅದಕ್ಕೇ ಅವರಿಗೆ ನನ್ನ ಮುಖ ಕಂಡರಾಗುತ್ತಿರಲಿಲ್ಲ.

ಇಂಜಿನಿಯರ್ ಸಾಹೇಬರದು ನೆಗಡಿಯಾದ ಪೀಪಿಯಂಥ ದನಿ. ಸಾಮಾನು ಉಳಿಸಿರೆಂದು ದಿನವಿಡೀ ಊದುತ್ತಿದ್ದರು. ಒಂದು ದಿನ ಕಾಕಾ ಗೋಡೆಯ ಹೊರಗೆ ಅಟ್ಟಣಿಗೆಯ ಮೇಲಿದ್ದರು, ನಾನು ಒಳಗೆ. ಸಂದಿಗೆ ಬಾಯಿಟ್ಟು ಸಾಹೇಬನಾದೆ: "ಹಗ್ಗ ಬ್ಯಾಡ್ರಿ, ಹಂಗ ಹಿಂಡ್ರಿ, ಲಗೂ!"

ಬೈಗುಳ ಬರುತ್ತದೆಂದು ಕಾದೆ. "ಹೂಂ ರೀ" ಎಂದು ಬಂತು.

ಅಂದವನು ನಾನೆಂದು ಅವರಿಗೆ ಹೇಳಲು ಮರೆತೆನೆಂದರೆ ಸುಳ್ಳು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಆ "ಹೂಂ ರೀ"ಯನ್ನೂ ಹುಡುಗರಿಗೆ ಮಾಡಿ ತೋರಿಸಿದೆ.

ವಾರದ ಮೇಲೆ ಪೈಪಿನಿಂದ ಗೋಡೆಗೆ ನೀರು ಹೊಡೆದು ನೋಡಿದರು. ಮೂರು ಸಂದುಗಳು ಒಳಗೆ ಸೋರಿದವು; ಒತ್ತಿ ನೋಡಿದರೆ ಹಗ್ಗವಿಲ್ಲ.

"ಹಗ್ಗ ಯಾಕ ಹಾಕಿಲ್ಲ?" ಸಾಹೇಬರು ಕಾಕಾನ ಮೇಲೆ ಹರಿಹಾಯ್ದರು.

"ನೀವ ಬ್ಯಾಡ ಅಂದ್ರೆಲ್ರಿ."

"ನಾ ಯಾವಾಗ ಅಂದೆ? ವಯಸ್ಸಾದ ಮ್ಯಾಲೆ ಸುಳ್ಳು ಕಲತೀಯೇನು? ನಾಳಿಂದ ಬರಬ್ಯಾಡ!"

ಕಾಕಾ ಗೋಗರೆಯಲಿಲ್ಲ. ಸೀಲಂಟ್ ಹಿಂಡುವ ಗನ್ನನ್ನು ಒರೆಸಿ ಚೀಲಕ್ಕೆ ಹಾಕತೊಡಗಿದರು. ಅದನ್ನು ನೋಡಲಾಗಲಿಲ್ಲ.

"ಸಾಹೇಬ್ರ, ಅಂದಾವ ನಾ ರೀ. ನಿಮ್ಮ ದನೀಲೆ."

"ಅಂದು ತೋರ್ಸು."

ತೋರಿಸಿದೆ. ಸಾಹೇಬರ ಕಿವಿ ಕೆಂಪಾದವು. "ನನ್ನ ದನಿ ಹಿಂಗೈತೇನು?" ಎಂದು ಕಾಕಾನನ್ನು ಕೇಳಿದರು.

"ಇದಕ್ಕಿಂತ ಕೆಟ್ಟೈತ್ರಿ."

ಯಾರೋ ನಕ್ಕರು. ಸಾಹೇಬರು ನನ್ನತ್ತ ತಿರುಗಿದರು. "ಕಾಕಾ ಇರ್ಲಿ. ನೀ ನಡಿ ಹೊರಗ!"

ಕಾಕಾ ಚೀಲದಿಂದ ಚಾಕು ತೆಗೆದು ನನ್ನ ಕಾಲಬಳಿ ಎಸೆದರು.

"ಹೊರಗ ಯಾಕ್ರಿ? ಮೂರೂ ಸಂದಿನ ಸೀಲಂಟ್ ಇವನೇ ಕೆರದು ತಗೀಲಿ. ಕೆರಿಯೂಮುಂದ ಯಾರ ದನೀಲೆ ಅಳತಾನ ಕೇಳೂಣು."