ಆಯುಧ ಪೂಜೆಯ ದಿನ ನಿಂತುಹೋದ ಅಪ್‌ಗ್ರೇಡ್

ನನ್ನ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಬೇಕೆಂದು ನನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲ ತೀರ್ಮಾನ ಮಾಡಿಯಾಗಿತ್ತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಚೆನ್ನೈ ಪಲ್ಲಾವರಂನ ನಮ್ಮ ಮನೆಯ ಹಜಾರದ ಮೂಲೆಯಲ್ಲಿರುವ ಆ ಡೆಸ್ಕ್‌ಟಾಪ್ ನನ್ನದು. ಅದರ ಮುಂದೆ ಕೂತು ನಾನು ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ. ಮೈಸೂರು, ಮಂಡ್ಯ, ಹಾಸನದ ಕಡೆಯಿಂದ ಕೆಲಸಕ್ಕೆಂದು ಬಂದು ಪೋರೂರಿನ ಸುತ್ತಮುತ್ತ ನೆಲೆಸಿದವರ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ವಿಜಯದಶಮಿಯ ಬೆಳಿಗ್ಗೆ ಹೊಸ ಮಕ್ಕಳಿಗೆ ಮೊದಲ ತರಗತಿ. ಆಯಾ ಮನೆಯಲ್ಲಿ ಅಪ್ಪ ಅಮ್ಮ ಮಗುವನ್ನು ಅಕ್ಕಿಯ ತಟ್ಟೆಯ ಮುಂದೆ ಕೂರಿಸುತ್ತಾರೆ. ನಾನು ಪರದೆಯ ಮೇಲೆ ಆ ಮಗುವಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ತೋರಿಸಿ, ಅದರ ಮೇಲೆ ತಿದ್ದುತ್ತೇನೆ. ಮಗು ಅಕ್ಕಿಯಲ್ಲಿ ತಿದ್ದುತ್ತದೆ. ಆ ವರ್ಷವೂ ಹೆಸರುಗಳ ಪುಟವನ್ನು ಮುಂಚೆಯೇ ಸಿದ್ಧ ಮಾಡಿಟ್ಟಿದ್ದೆ. ಆ ಒಂದು ಬೆಳಿಗ್ಗೆ ಕಂಪ್ಯೂಟರ್ ಕೈಕೊಡಬಾರದು, ನನಗೆ ಬೇಕಾಗಿದ್ದುದು ಅಷ್ಟೇ.

ವಿಂಡೋಸಿನ ಬದಲು ನನ್ನ ಯಂತ್ರವನ್ನು ನಡೆಸುತ್ತಿದ್ದ ಲಿನಕ್ಸ್ ಹಳೆಯದಾಗಿತ್ತು. ಇನ್ನು ಈ ಆವೃತ್ತಿಗೆ ಅಪ್‌ಡೇಟ್ ಬರುವುದಿಲ್ಲ ಎಂದು ಅದೇ ದಿನಾ ಹೇಳುತ್ತಿತ್ತು. ಹೊಸದನ್ನು ಹಬ್ಬ ಮುಗಿದ ಮೇಲೆ ಹಾಕೋಣ ಎಂದುಕೊಂಡಿದ್ದೆ. ಆರಿಸಿಯೂ ಆಗಿತ್ತು. ಲಿನಕ್ಸ್ ಎಂದರೆ ಒಂದೇ ಅಲ್ಲ. ಒಂದೇ ಬೇಳೆಸಾರಿಗೆ ಮನೆಮನೆಯಲ್ಲೂ ಬೇರೆ ಬೇರೆ ಒಗ್ಗರಣೆ ಬಿದ್ದ ಹಾಗೆ ಹತ್ತಾರು ಬಗೆ, ಅವಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಪೆನ್‌ಡ್ರೈವಿಗೆ ಹಾಕಿಕೊಂಡು, ಯಂತ್ರದೊಳಗೆ ಇಳಿಸದೆಯೇ ನಡೆಸಿ ನೋಡಬಹುದು. ನಾನು ಹಾಗೆ ಒಂದೊಂದನ್ನೂ ನಡೆಸಿ, ಎಲ್ಲದರಲ್ಲೂ 'ಸ್ತ್ರೀ', 'ಲಕ್ಷ್ಮಿ', 'ಅರ್ಧ' ಎಂದು ಟೈಪ್ ಮಾಡಿ ನೋಡಿದೆ. ಒತ್ತು, ಅರ್ಕಾವೊತ್ತು ನೆಟ್ಟಗೆ ಕೂತವು ಉಳಿದವು, ಉಳಿದವುಗಳಲ್ಲಿ ಹೆಚ್ಚು ವರ್ಷ ಅಪ್‌ಡೇಟ್ ಬರುವುದನ್ನು ಇಟ್ಟುಕೊಂಡೆ. ನೋಡುವುದಕ್ಕೆ ಸಪ್ಪೆಯಾಗಿತ್ತು, ನಿಜ.

ಮೈದುನ ಬಂದಾಗ ಅದನ್ನು ನೋಡಿ ನಕ್ಕ. ಅವನು ಪೋರೂರಿನ ಐಟಿ ಕಚೇರಿಯಲ್ಲಿರುವವನು.

"ಏನತ್ತಿಗೆ ಇದು, ಗವರ್ಮೆಂಟ್ ಆಫೀಸ್ ಥರಾ ಇದೆ? ಲೇಟೆಸ್ಟ್ ಹಾಕಿ. ಲುಕ್ ಸೂಪರಾ ಇರತ್ತೆ."

"ನಂಗೆ ಲುಕ್ ಬೇಡಪ್ಪ, ಒತ್ತು ಬೇಕು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೇಗೆ ಆದೀತು? ನಾನು ಸೇರಿದ ಈ ಮನೆಯವರು ಅಜ್ಜನ ಕಾಲದಿಂದ ಮದರಾಸಿನಲ್ಲಿದ್ದಾರೆ. ಮನೆಮಾತು ಕನ್ನಡವೇ, ಆದರೆ ಓದಿದ್ದು ತಮಿಳು, ಇಂಗ್ಲಿಷು. ಕನ್ನಡದ ಒಂದಕ್ಷರ ಯಾರಿಗೂ ಓದಲು ಬಾರದು. ಓದಲು ಬಾರದ್ದರ ಬಗ್ಗೆ ಅಭಿಪ್ರಾಯ ಕೊಡುವುದಕ್ಕೆ ಮಾತ್ರ ಮುಂದು.

ನವಮಿಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಡಲೆ ಉಸ್ಲಿಗೆ ತೆಂಗಿನಕಾಯಿ ತುರಿಯುತ್ತಿದ್ದೆ. ಹಬ್ಬಕ್ಕೆ ಬಂದಿದ್ದ ಮೈದುನ ಸದ್ದಿಲ್ಲದೆ ನನ್ನ ಕಂಪ್ಯೂಟರಿನಲ್ಲಿ ಅಪ್‌ಗ್ರೇಡ್ ಶುರುಮಾಡಿದ. ಸರಸ್ವತಿಯ ಮುಂದೆ ಹಳೆಯ ಆವೃತ್ತಿ ಇಡುವುದೇ ಎಂದು ಅಣ್ಣತಮ್ಮ ಇಬ್ಬರೂ ಮಾತಾಡಿಕೊಂಡಿದ್ದರಂತೆ. ಪಾಸ್‌ವರ್ಡ್ ಕೊಟ್ಟವರು ನನ್ನ ಯಜಮಾನರು. ಹೆಂಡತಿಯ ಪಾಸ್‌ವರ್ಡನ್ನು ಮನೆಯ ಬೀಗದಕೈ ಕೊಟ್ಟಷ್ಟು ಸಲೀಸಾಗಿ ಕೊಟ್ಟರು.

ಶುರುಮಾಡಿ ಅವನು ಬಾಳೆಕಂದು, ಬೂದುಗುಂಬಳ ತರಲು ಹೊರಗೆ ಹೋದ. ಹೊತ್ತಾಗುತ್ತಿದ್ದಂತೆ ಪರದೆ ತಾನಾಗಿ ಕಪ್ಪಾಯಿತು, ಒಳಗೆ ಕೆಲಸ ನಡೆಯುತ್ತಲೇ ಇತ್ತು. ಅತ್ತೆ ಪೂಜೆಗೆ ಕರೆದರು. ಯಜಮಾನರು ಮಣಲಿಯ ಒಂದು ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಆಯುಧ ಪೂಜೆಯೆಂದರೆ ಮೊದಲು ಪ್ರತಿ ಯಂತ್ರವನ್ನೂ ನಿಲ್ಲಿಸಿ, ಮೇನ್ ಸ್ವಿಚ್ ತೆಗೆದು, ಆಮೇಲೆ ಗಂಧ ಕುಂಕುಮ. ಓಡುತ್ತಿರುವ ಯಂತ್ರಕ್ಕೆ ಕುಂಕುಮ ಇಡುವವನು ಕೈ ಕಳೆದುಕೊಳ್ಳುತ್ತಾನೆ ಎಂದು ಅವರಿಗೆ ಕಲಿಸಿದ್ದರು. ಕಂಪ್ಯೂಟರಿನ ಫ್ಯಾನ್ ತಿರುಗುವ ಸದ್ದು ಅವರ ಕಿವಿಗೆ ಬಿತ್ತು. ಪರದೆ ಕಪ್ಪಾಗಿದ್ದುದರಿಂದ ತಮ್ಮನ ಕೆಲಸ ಮುಗಿದಿದೆ ಎಂದುಕೊಂಡು ಗೋಡೆಯ ಸ್ವಿಚ್ ಆರಿಸಿದರು. ಸದ್ದು ನಿಂತ ಮೇಲೆ ಶ್ರದ್ಧೆಯಿಂದ ಮಾನಿಟರಿಗೂ ಸಿಪಿಯುವಿಗೂ ಬೊಟ್ಟಿಟ್ಟು, ಹೂವು ಮುಡಿಸಿದರು. ನಾನೇ ಮಂಗಳಾರತಿಗೆ ಹಾಡಿದೆ.

ಊಟಕ್ಕೆ ಕೂತಾಗ ಮೈದುನ ಕೇಳಿದ, "ಅಣ್ಣಾ, ಅಪ್‌ಗ್ರೇಡ್ ಮುಗೀತಾ?"

"ಯಾವ ಅಪ್‌ಗ್ರೇಡ್?" ಎಂದೆ ನಾನು.

ವಿಷಯ ಹೊರಬಿತ್ತು. ಅರ್ಧ ಹಳೆಯದು, ಅರ್ಧ ಹೊಸದು ಆಗಿರುವಾಗ ಕರೆಂಟು ತೆಗೆದರೆ ಏನಾಗುತ್ತದೆಂದು ಮೈದುನನಿಗೆ ಗೊತ್ತಿತ್ತು, ಅವನ ಮುಖ ಸಣ್ಣಗಾಯಿತು. ಯಜಮಾನರ ಮುಖ ಹಾಗೇ ಇತ್ತು.

"ಪರವಾಯಿಲ್ಲೈ ವಿಡು" ಎಂದರು, ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತ. "ನಾಳೆ ಪುನಃಪೂಜೆ ಆದಮೇಲೆ ಅವನೇ ಸರಿ ಮಾಡ್ತಾನೆ."

"ನಾಳೆ ಬೆಳಿಗ್ಗೆ ಕ್ಲಾಸಿದೆ ರೀ!"

"ಫೋನಲ್ಲಿ ಮಾಡಿಬಿಡು ಅಷ್ಟೇ ತಾನೆ. ಚಿಕ್ಕ ಪಸಂಗ, ಅವರಿಗೇನು ತಿಳಿಯತ್ತೆ?"

ಅಷ್ಟೇ ತಾನೆ! ನನ್ನ ಕೆಲಸಕ್ಕೆ ಆ ಮನೆಯಲ್ಲಿ ಇದ್ದ ಬೆಲೆ ಆ ಮಾತಿನಲ್ಲಿತ್ತು. ಎಂಜಲು ಕೈಯಲ್ಲೇ ಎದ್ದೆ. ಕೈತೊಳೆದು ಬಂದು ಕಂಪ್ಯೂಟರಿನ ಹೂವು ತೆಗೆದೆ.

"ಇವತ್ತು ಮುಟ್ಟಬಾರದಮ್ಮಾ, ಪೂಜೇಲಿ ಇಟ್ಟಿದೆ" ಎಂದರು ಅತ್ತೆ.

"ಮುಟ್ಟಬಾರದ ಹೊತ್ತಲ್ಲಿ ಇವರಿಬ್ಬರೂ ಮುಟ್ಟಿದ್ದಕ್ಕೆ ಈಗ ನಾನು ಮುಟ್ಟಬೇಕಾಗಿದೆ ಅತ್ತೆ" ಎಂದೆ. ಅವರ ಎದುರು ದನಿ ಎತ್ತಿದ್ದು ಅದೇ ಮೊದಲು. ಬೇಜಾರಾಗಲಿಲ್ಲ.

ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು, ಅಲ್ಲಿಂದ ಮುಂದೆ ಹೋಗದು. ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸುವ ಆದೇಶ ನನಗೆ ಗೊತ್ತಿತ್ತು, ಕೊಟ್ಟೆ. ಹಿಂದೆ ನಿಂತ ಮೈದುನ, "ಎಲ್ಲಾ ಅಳಿಸಿ ಫ್ರೆಶ್ಶಾಗಿ ನಾನು ಹಾಕಿಕೊಡ್ಲಾ ಅತ್ತಿಗೆ?" ಎಂದ. "ನೀನು ಬಾಯಿ ಮುಚ್ಚಿಕೊಂಡು ನಿಲ್ಲು" ಎಂದೆ. ನಿಂತ. ಬಹಳ ಹೊತ್ತಿನ ಮೇಲೆ ಹೊಸ ಆವೃತ್ತಿ ಕುಂಟುತ್ತಾ ಎದ್ದುಬಂತು. ಬಣ್ಣಬಣ್ಣದ ಪರದೆ.

ಅವನಿಗೆ ಹೋದ ಜೀವ ಬಂತು. ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ಹೆಸರುಗಳ ಪುಟವನ್ನು ತಾನೇ ತೆರೆದ. "ನೋಡಿ, ಎಲ್ಲಾ ಹಾಗೇ ಇದೆ!"

ಯಜಮಾನರೂ ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡಿದರು. "ಚೆನ್ನಾಗೇ ಬಂದಿದೆಯಲ್ಲ. ಇನ್ನೂ ಯಾಕೆ ಈ ಕೋಪ?"

ಪುಟದಲ್ಲಿ ಒಂದು ಹೆಸರೂ ನೆಟ್ಟಗಿರಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ, ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿ ಬಿದ್ದಿದ್ದವು. ನಾಳೆ ಬೆಳಿಗ್ಗೆ ಆ ಮಕ್ಕಳು ತಮ್ಮ ಹೆಸರೆಂದು ತಿದ್ದಬೇಕಾಗಿದ್ದುದು ಅದನ್ನು.

"ಇದನ್ನ ಓದಿ ನೋಡೋಣ" ಎಂದೆ, ಮೊದಲ ಹೆಸರನ್ನು ತೋರಿಸಿ.

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. "ನಂಗೆ ಹೇಗೆ ತಿಳಿಯತ್ತೆ? ಅದು ಕನ್ನಡ ತಾನೆ."

ಅದನ್ನು ಅವರು ಕನ್ನಡದಲ್ಲೇ ಹೇಳಿದರು. ನಾಚಿಕೆಯಿಂದಲೂ ಅಲ್ಲ, ತಮಾಷೆಗೂ ಅಲ್ಲ. ಇಬ್ಬರನ್ನೂ ಆಚೆ ಹೋಗಲು ಹೇಳಿ ನನ್ನ ಪೆನ್‌ಡ್ರೈವ್ ಚುಚ್ಚಿದೆ. ಪಾಠಗಳೆಲ್ಲ ಡಿಸ್ಕಿನ ಬೇರೆ ಭಾಗದಲ್ಲಿದ್ದುದರಿಂದ ಅವಕ್ಕೆ ಏನೂ ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಆರಿಸಿದ ಸಪ್ಪೆ ಲಿನಕ್ಸ್ ಕೂತಿತ್ತು, ಹೆಸರುಗಳೂ ತಮ್ಮ ಒತ್ತುಗಳ ಜೊತೆ ನೆಟ್ಟಗೆ ಕೂತವು. ಮರುದಿನ ಮಕ್ಕಳು ಅವನ್ನೇ ಅಕ್ಕಿಯಲ್ಲಿ ತಿದ್ದಿದರು.

ಹಾಕುವಾಗ ನಡುವೆ, ಯಂತ್ರದ ಭಾಷೆ ಯಾವುದಿರಲಿ ಎಂದು ಅದು ಕೇಳಿತ್ತು. ಅಲ್ಲಿಯವರೆಗೆ ಪ್ರತಿಸಲವೂ ಮನೆಯವರಿಗೂ ಅನುಕೂಲವಾಗಲೆಂದು ಇಂಗ್ಲಿಷ್ ಒತ್ತುತ್ತಿದ್ದವಳು, ಆ ದಿನ ಕನ್ನಡ ಒತ್ತಿದೆ. ಈಗ ಅದರಲ್ಲಿ ಮೆನುವಿನಿಂದ ಹಿಡಿದು ಎಚ್ಚರಿಕೆಯವರೆಗೆ ಎಲ್ಲವೂ ಕನ್ನಡ. ಯಜಮಾನರು ಒಂದೆರಡು ಸಲ ಕೂತು, ಏನೂ ತಿಳಿಯದೆ ಎದ್ದುಹೋದರು. ಮೈದುನ ಹತ್ತಿರವೂ ಬರುವುದಿಲ್ಲ. ಕನ್ನಡದವರ ಮನೆಯಲ್ಲಿ ನನ್ನ ಕಂಪ್ಯೂಟರನ್ನು ಯಾರೂ ಮುಟ್ಟದಂತೆ ಮಾಡಲು ಕನ್ನಡವೇ ಸಾಕಾಯಿತು. ನನ್ನ ಸಿಟ್ಟು ಇವತ್ತಿಗೂ ಇಳಿಯದಿರುವುದು ಅದಕ್ಕೇ.